ಕುಣಿಗಲ್‌ನಿಂದ ಬಂದ ನೆನಪೋಲೆ

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಮನೆಯಲ್ಲಿ ಹಸಿರು ಟ್ಯಾಗು ಪೋಣಿಸದೆ ಉಳಿದಿರುವ ಕಾಗದವೆಂದರೆ ಗೋಡೆಯ ಮೇಲಿನ ಕ್ಯಾಲೆಂಡರು ಒಂದೇ. ವಿದ್ಯುತ್ ಬಿಲ್ಲು, ಗ್ಯಾಸಿನ ರಸೀದಿ, ಮಗಳ ಅಂಕಪಟ್ಟಿ, ರವಿಕೆಯ ಅಳತೆ ಬರೆದ ಚೀಟಿ, ಇವೆಲ್ಲವೂ ಎಡಗಡೆಯ ಮೇಲ್ತುದಿಯಲ್ಲಿ ತೂತು ಕೊರೆಸಿಕೊಂಡು, ವಿಷಯವಾರು ಕಡತಗಳಾಗಿ ಕಪಾಟಿನಲ್ಲಿ ಸಾಲಾಗಿ ಕುಳಿತಿವೆ. ಗುಬ್ಬಿಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈಗೆ ಕಾಗದವನ್ನು ಪ್ರೀತಿಸುವ ಬೇರೆ ವಿಧಾನ ತಿಳಿದಿಲ್ಲ. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ನನ್ನ ಪತಿ ಇದನ್ನು ಕಂಡು ಆಗಾಗ, "ನಮ್ ಮದ್ವೆ ಫೋಟೋ ಒಂದನ್ನ ಯಾಕ್ ಬಿಟ್ಟಿದೀಯ ಪುಷ್ಪಾ? ಅದಕ್ಕೂ ಒಂದು ತೂತು ಹಾಕ್ಬಿಡು, ಫೈಲ್ ಕ್ಲೋಸ್ ಆಗ್ಲಿ" ಎನ್ನುವುದುಂಟು.

ಕಳೆದ ಭಾನುವಾರ ಆ ಕಪಾಟನ್ನು ಒರೆಸುತ್ತಿರುವಾಗ ತೆಳುವಾದ ಕಡತವೊಂದು ಜಾರಿ ಕಾಲ ಮೇಲೆ ಬಿತ್ತು. ರಟ್ಟಿನ ಮೇಲೆ ನನ್ನದೇ ದುಂಡು ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ವಿಷಯ: ನಳಿನಿ ಮತ್ತು ಶೈಲ ಇವರ ನಡುವಿನ ಮಾತುಕತೆಯನ್ನು ಪುನರಾರಂಭಿಸುವ ಬಗ್ಗೆ." ನಳಿನಿಯೂ ಶೈಲಳೂ ಯಾವ ಊರಿನಲ್ಲೂ ಇಲ್ಲ, ಅವರು ನಾನು ಬರೆದ ಏಕೈಕ ಕಾದಂಬರಿಯ ಹುಡುಗಿಯರು. ಆದರೆ ಅವರ ದೆಸೆಯಿಂದ ಕುಣಿಗಲ್ಲಿನಲ್ಲಿ ನಿಜವಾದ ಇಬ್ಬರು ಹುಡುಗಿಯರು ನಾಲ್ಕು ತಿಂಗಳ ಕಾಲ ಪರಸ್ಪರ ಮಾತು ಬಿಟ್ಟಿದ್ದರು. ಸದರಿ ಮೌನಕ್ಕೆ ಅರ್ಧ ಕಾರಣ ನನ್ನ ಕಾದಂಬರಿ, ಇನ್ನರ್ಧ ನನ್ನ ಪತ್ರಶೈಲಿ. ಆ ಕಡತವನ್ನು ಹಿಡಿದುಕೊಂಡು ನೆಲದ ಮೇಲೆಯೇ ಕುಳಿತೆ. ಒರೆಸುವ ಬಟ್ಟೆ ಭುಜದ ಮೇಲೆಯೇ ಒಣಗಿತು.

ಪತ್ರಶೈಲಿಯ ಮೂಲವನ್ನು ಮೊದಲು ನಿವೇದಿಸುವುದು ಉಚಿತವೆಂದು ಭಾವಿಸುತ್ತೇನೆ. ನಾನು ಬೆಳೆದದ್ದು ಸಿ.ಎಸ್. ಪುರದಲ್ಲಿ. ಏಳನೇ ತರಗತಿಗೆ ಬರುವ ಹೊತ್ತಿಗೆ ನನ್ನ ಅಕ್ಷರ ಅಚ್ಚಿನಂತಿದೆ ಎಂಬ ಸುದ್ದಿ ನಮ್ಮ ಬೀದಿಯನ್ನು ದಾಟಿತ್ತು. ಅರ್ಜಿ ಬರೆಸಬೇಕಾದವರು ಅಂಗಡಿಯಿಂದ ಎರಡು ಬಿಳಿ ಹಾಳೆ ತಂದು ನಮ್ಮ ಜಗುಲಿಯ ಮೇಲೆ ಕೂರುತ್ತಿದ್ದರು. "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಸಾಲನ್ನು ಬರೆಯುವಾಗ ನನಗೆ ಹೊಸ ಲಂಗ ತೊಟ್ಟಷ್ಟು ಸಂತೋಷವಾಗುತ್ತಿತ್ತು. ಏನು ವಿನಂತಿ ಎಂಬುದು ಅಷ್ಟು ಮುಖ್ಯವಾಗಿರಲಿಲ್ಲ. ಆ ಸಾಲು ಬಾಗಿಲು ತೆರೆದು ಪಕ್ಕಕ್ಕೆ ನಿಂತ ಹಾಗಿರುತ್ತಿತ್ತು.

ಒಮ್ಮೆ ಎದುರುಮನೆಯ ಗಂಗಜ್ಜಿ ತನ್ನ ಮನೆಯ ಮುಂದೆ ಬೀದಿದೀಪ ಬೇಕೆಂದು ಅರ್ಜಿ ಬರೆಸಲು ಬಂದಳು. ಕತ್ತಲಾದ ಮೇಲೆ ಎಮ್ಮೆ ಹುಡುಕಲು ಹೋಗಿ ಚರಂಡಿಗೆ ಬಿದ್ದದ್ದು, ಸೊಸೆ ನಕ್ಕದ್ದು, ಎಮ್ಮೆ ತಾನಾಗಿಯೇ ಮನೆಗೆ ಬಂದು ನಿಂತಿದ್ದದ್ದು, ಇವನ್ನೆಲ್ಲ ಒಂದು ಗಂಟೆ ಹೇಳಿದಳು. ನಾನು ಮೂರು ಸಾಲು ಬರೆದು ಓದಿ ತೋರಿಸಿದೆ.

"ಅಷ್ಟೇನಾ? ನಾನ್ ಬಿದ್ದಿದ್ದು ಬರುದ್ಯೇನವ್ವಾ?"

"ಬರ್ದಿದೀನಿ ಅಜ್ಜಿ. 'ಸಾರ್ವಜನಿಕರಿಗೆ ತೊಂದರೆಯಾಗಿರುತ್ತದೆ' ಅಂತ."

"ಎಮ್ಮೆ?"

"ಎಮ್ಮೆ ಬರಿಯಂಗಿಲ್ಲ ಅಜ್ಜಿ. ಗೌರ್ಮೆಂಟಿಗೆ ಎಮ್ಮೆ ಬ್ಯಾಡ."

"ಎಮ್ಮೆ ಇಲ್ದೆ ಅವ್ರಿಗೆ ಅದೆಂಗವ್ವಾ ಅರ್ತ ಆಯ್ತದೆ?" ಎಂದು ಗಂಗಜ್ಜಿ ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನು ಅರ್ಜಿಯನ್ನು ಹಾಗೆಯೇ ಮಡಿಸಿ ಅವಳ ಕೈಗಿತ್ತೆ. ದೀಪವೇನೋ ಬಂತು. ಆದರೆ ಮೂವತ್ತು ವರ್ಷಗಳ ಬಳಿಕ ನಾನು ಕಾದಂಬರಿ ಬರೆಯಲು ಕುಳಿತದ್ದಕ್ಕೆ ಕಾರಣವೇನೆಂದು ಯಾರಾದರೂ ವಿಚಾರಿಸಿದರೆ, ಅರ್ಜಿಗಳಿಂದ ಹೊರಗಿಟ್ಟ ಎಮ್ಮೆಗಳೆಲ್ಲ ಒಟ್ಟಾಗಿ ಬಂದು ಬಾಗಿಲಲ್ಲಿ ನಿಂತವು ಎಂಬುದಕ್ಕಿಂತ ಹೆಚ್ಚಿನ ವಿವರಣೆ ನೀಡಲಾರೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ದಾಖಲಿಸಬಹುದು. ಎಂಟನೇ ತರಗತಿಯಲ್ಲಿ ಶಾಲಾ ಪ್ರವಾಸಕ್ಕೆ ಹೋಗಲು ಅಮ್ಮನ ಅನುಮತಿ ಕೋರಿ ನಾನು ಲಿಖಿತ ಅರ್ಜಿ ಸಲ್ಲಿಸಿದ್ದೆ. ಅಮ್ಮ ಅದನ್ನು ಓದಿ, ಮಡಿಸಿ, ತೊಗರಿಬೇಳೆ ಡಬ್ಬಿಯ ಕೆಳಗಿಟ್ಟು, "ನೋಡಾನ ಬುಡು" ಎಂದಳು. ನಾನು ಅದನ್ನು ಒಪ್ಪಿಗೆಯೆಂದು ತಿಳಿದು ಬಟ್ಟೆ ಜೋಡಿಸಿಕೊಂಡೆ. ಪ್ರವಾಸದ ಬಸ್ಸು ಹೊರಡುವ ಬೆಳಿಗ್ಗೆ ವಿಚಾರಿಸಲಾಗಿ, ಅಮ್ಮನಿಗೆ ಆ ವಿಷಯವೇ ಮರೆತುಹೋಗಿತ್ತು. ಮುಂದೆ ಕಚೇರಿಗೆ ಸೇರಿದ ಮೊದಲ ವಾರದಲ್ಲಿ "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಒಕ್ಕಣೆಯನ್ನು ಕಂಡಾಗ ನನಗೆ ತೊಗರಿಬೇಳೆಯ ವಾಸನೆ ಬಂದಂತಾಯಿತು. ಇಷ್ಟು ಚೆನ್ನಾಗಿ ಬಲ್ಲ ಮಾತನ್ನು ನಾನೇ ಒಂದು ದಿನ ಮಕ್ಕಳಿಗೆ ಬರೆಯುವೆನೆಂದು ಆಗ ತಿಳಿದಿರಲಿಲ್ಲ.

ಕಾದಂಬರಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ಮನೆ ತುಮಕೂರಿನ ಸದಾಶಿವನಗರದಲ್ಲಿ. ಕಚೇರಿಗೆ ಪ್ರತಿದಿನ ರೈಲಿನಲ್ಲಿ ಗುಬ್ಬಿಗೆ ಹೋಗುತ್ತೇನೆ. ನಾನು ಗುಬ್ಬಿಯಲ್ಲಿ ಇಳಿಯುವ ಹೊತ್ತಿಗೆ, ತುಮಕೂರಿನ ಕಡೆಗೆ ಹೋಗುವ ರೈಲಿಗಾಗಿ ಇಬ್ಬರು ಶಾಲಾ ಹುಡುಗಿಯರು ಕಾಯುತ್ತಿರುತ್ತಿದ್ದರು. ಒಂದೇ ಸೀಬೆಹಣ್ಣನ್ನು ಇಬ್ಬರೂ ಕಚ್ಚುತ್ತಿದ್ದರು. ಒಬ್ಬಳ ಜಡೆಯ ರಿಬ್ಬನ್ನು ಬಿಚ್ಚಿದರೆ ಇನ್ನೊಬ್ಬಳು ಕಟ್ಟುತ್ತಿದ್ದಳು. ಒಂದು ದಿನ ನೋಡುತ್ತೇನೆ, ಒಬ್ಬಳು ಗಡಿಯಾರದ ಕೆಳಗೆ, ಇನ್ನೊಬ್ಬಳು ನಲ್ಲಿಯ ಬಳಿ. ರೈಲು ಬಂತು. ಇಬ್ಬರೂ ಬೇರೆ ಬೇರೆ ಬೋಗಿ ಹತ್ತಿದರು. ಮರುದಿನವೂ ಹಾಗೆಯೇ. ಏನಾಗಿತ್ತೋ ನನಗೆ ಇಂದಿಗೂ ತಿಳಿಯದು. ಹೋಗಿ ಕೇಳುವ ಧೈರ್ಯವಾಗಲಿಲ್ಲ. ಯಾವ ಅಧಿಕಾರದಿಂದ ಕೇಳುವುದು? ಕೇಳಲಾಗದ್ದರಿಂದ ಬರೆದೆ.

ಅದೇ 'ಬೇರೆ ಬೋಗಿ'. ಅದರಲ್ಲಿ ಶೈಲ ಎಂಬವಳು ತನ್ನ ಗೆಳತಿ ನಳಿನಿಯ ಮನೆಯ ಗುಟ್ಟೊಂದನ್ನು ತರಗತಿಯಲ್ಲಿ ಹೇಳಿಬಿಡುತ್ತಾಳೆ. ನಳಿನಿ ಸಿಟ್ಟಿನಲ್ಲಿ ಶೈಲಳ ಇಡೀ ವರ್ಷದ ಡ್ರಾಯಿಂಗ್ ಪುಸ್ತಕವನ್ನು ಹರಿದುಹಾಕುತ್ತಾಳೆ. ಕೊನೆಯ ಪುಟದಲ್ಲಿ ಇಬ್ಬರೂ ಬೇರೆ ಬೇರೆ ಬೋಗಿ ಹತ್ತುತ್ತಾರೆ, ರೈಲು ಹೊರಡುತ್ತದೆ. ಅಲ್ಲಿಗೆ ಮುಗಿಯಿತು, ನಾನು ಕಂಡದ್ದೂ ಅಷ್ಟೇ. ಪ್ರಕಾಶಕರು ಮುಖಪುಟದ ಮೇಲೆ "ಹದಿಹರೆಯದವರಿಗಾಗಿ" ಎಂದು ಅಚ್ಚುಹಾಕಿಸಿದರು. ನಾನು ಹದಿಹರೆಯದವರಿಗಾಗಿ ಬರೆದಿದ್ದೇನೆಂಬ ಮಾಹಿತಿ ನನಗೆ ಲಭ್ಯವಾದದ್ದು ಆ ಮುಖಪುಟದಿಂದಲೇ.

ಆದರೆ ಮೊದಲು ಅದನ್ನು ಓದಿದವರು ಹದಿಹರೆಯ ದಾಟಿ ಬಹುಕಾಲವಾದ ನಮ್ಮ ಬೀದಿಯ ಮಹಿಳಾ ಓದುಗರ ಬಳಗದವರು. ಪಕ್ಕದ ಮನೆಯ ರಾಜಮ್ಮನವರ ಮಹಡಿಯಲ್ಲಿ ಸಭೆ. ನಾನು ಕಾದಂಬರಿಯ ಉದ್ದೇಶಗಳ ಬಗ್ಗೆ ಒಂದು ಟಿಪ್ಪಣಿ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅದನ್ನು ಬಿಚ್ಚುವ ಮೊದಲೇ ರಾಜಮ್ಮನವರು, "ಎಲ್ಲಾ ಸರಿ ಪುಷ್ಪಾ, ಶೈಲನ್ ತಾಯಿ ಮಾಡ್ತಾಳಲ್ಲ ಉಪ್ಪಿಟ್ಟು, ಅದು ನಮ್ಮನೇದೇ ತಾನೆ?" ಎಂದರು.

"ಅಯ್ಯೋ, ಇಲ್ಲ ಆಂಟಿ. ಅದು ಸುಮ್ನೆ ಒಂದು ಉಪ್ಪಿಟ್ಟು."

"ಸುಮ್ನೆ ಉಪ್ಪಿಟ್ಟು ಅಂತ ಎಲ್ಲಾದ್ರೂ ಇರುತ್ತೇನೇ? ನಂಗೇನ್ ಬೇಜಾರಿಲ್ಲಮ್ಮ. ಕ್ಯಾರೆಟ್ ಹಾಕಲ್ಲ ಅಂತ ಬರ್ದಿದೀಯಲ್ಲ, ಅವತ್ತು ಮನೇಲಿ ಕ್ಯಾರೆಟ್ ಇರ್ಲಿಲ್ಲ, ಅದನ್ನೂ ಬರೀಬೇಕಾಗಿತ್ತು."

ಆ ದಿನದ ಚರ್ಚೆ ಪೂರ್ತಿ ಕ್ಯಾರೆಟ್ಟಿನ ಸುತ್ತ ನಡೆಯಿತು. ನಾನು ಹಸನ್ಮುಖಿಯಾಗಿ ಕುಳಿತು, ಓದುಗರೆಂದರೆ ಹೀಗೆಯೇ ಇರಬಹುದೆಂದು ತಿಳಿದು ಮನೆಗೆ ಮರಳಿದೆ. ಆದುದರಿಂದ ಕುಣಿಗಲ್ಲಿನ ಪತ್ರ ಬಂದಾಗ ನಾನು ಯಾವ ರೀತಿಯಲ್ಲೂ ಸಿದ್ಧಳಾಗಿರಲಿಲ್ಲ.

ಅದು ಕುಣಿಗಲ್ಲಿನ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯ "ಶನಿವಾರದ ಓದು" ಎಂಬ ಬಳಗದ ಪತ್ರ. ಕೆಳಗೆ ಹದಿನಾಲ್ಕು ಸಹಿಗಳು. ನಳಿನಿ ಮತ್ತು ಶೈಲ ಆಮೇಲೆ ಮಾತಾಡಿದರೇ? ಮಾತಾಡಿದ್ದರೆ ಮೊದಲು ಮಾತಾಡಿದವರು ಯಾರು? ಇಷ್ಟೇ ಪ್ರಶ್ನೆ. ಹಿಂಬದಿಯಲ್ಲಿ ಬೇರೆ ಶಾಯಿಯಲ್ಲಿ ಒಂದು ಸೂಚನೆಯಿತ್ತು: "ಸಹನಾ ಶೈಲಳೇ ಮೊದಲು ಮಾತಾಡಬೇಕು ಅನ್ನುತ್ತಾಳೆ, ಏಕೆಂದರೆ ಮೊದಲು ತಪ್ಪು ಮಾಡಿದ್ದು ಅವಳು. ಭೂಮಿಕಾ ನಳಿನಿಯೇ ಮಾತಾಡಬೇಕು ಅನ್ನುತ್ತಾಳೆ, ಏಕೆಂದರೆ ದೊಡ್ಡ ತಪ್ಪು ಮಾಡಿದ್ದು ಅವಳು. ಈ ಜಗಳದಲ್ಲಿ ಅವರಿಬ್ಬರೂ ಮಾತು ಬಿಟ್ಟಿದ್ದಾರೆ. ನಿಮ್ಮ ಉತ್ತರ ಬಂದ ಮೇಲೆ ನೋಡೋಣ ಅಂದಿದ್ದಾರೆ. ಬೇಗ ಬರೆಯಿರಿ ಮೇಡಂ."

ಒಬ್ಬ ಅಪರಿಚಿತ ಓದುಗ ಬರೆದ ಮೊದಲ ಪತ್ರವನ್ನು ಹಿಡಿದ ಲೇಖಕಿಯ ಸ್ಥಿತಿ ಹೇಗಿರುತ್ತದೆಂಬುದನ್ನು ವರ್ಣಿಸುವ ಸಾಮರ್ಥ್ಯ ನನಗಿಲ್ಲ. ಇಲ್ಲಿ ಹದಿನಾಲ್ಕು ಮಂದಿ ಓದುಗರಿದ್ದರು. "ಪ್ರೀತಿಯ ಮಕ್ಕಳೇ" ಎಂದು ಆರಂಭಿಸಿದೆ, ದೂರದರ್ಶನದಲ್ಲಿ ಮಾತಾಡಿದಂತಾಯಿತು. "ಗೆಳೆಯರೇ" ಎಂದೆ, ಚುನಾವಣಾ ಪ್ರಚಾರದಂತೆ ಕೇಳಿಸಿತು. ಪ್ರಶ್ನೆಗೆ ಉತ್ತರ ಗೊತ್ತಿಲ್ಲವೆಂಬುದು ಒಂದು ಕಡೆ, ಗೊತ್ತಿಲ್ಲವೆಂದು ಬರೆದರೆ ಲೇಖಕಿಯ ಸ್ಥಾನಕ್ಕೆ ಚ್ಯುತಿ ಬರುವುದೆಂಬ ಭಯ ಇನ್ನೊಂದು ಕಡೆ. ಐದು ಹಾಳೆ ಹರಿದೆ. ಆರನೆಯದನ್ನು ನನ್ನ ಅನುಮತಿಗೆ ಕಾಯದೆ ನನ್ನ ಕೈಯೇ ಬರೆದು ಮುಗಿಸಿತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪತ್ರವು ಸ್ವೀಕೃತವಾಗಿರುತ್ತದೆ. ಪ್ರಸ್ತಾಪಿತ ಅಂಶಗಳನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ತಿಳಿಯಪಡಿಸಿದೆ. ತಮ್ಮ ವಿಶ್ವಾಸಿ."

ಎಡಗಡೆ ಒಂದು ಸಂಖ್ಯೆಯನ್ನೂ ಹಾಕಿದೆ. ಅಂಚೆಗೆ ಹಾಕಿದ ಮೇಲೆ ಎಂಥ ನಿರಾಳವಾಯಿತೆಂದರೆ, ಆ ರಾತ್ರಿ ಊಟಕ್ಕೆ ಹಪ್ಪಳ ಕರಿದೆ.

ಒಂದೂವರೆ ತಿಂಗಳಾಯಿತು. ಒಂದು ಉದ್ದನೆಯ ಲಕೋಟೆ ಬಂತು. ಬಿಚ್ಚಿದರೆ, ಮೇಲ್ಭಾಗದ ನಟ್ಟನಡುವೆ, ಅಡಿಗೆರೆ ಎಳೆದು, "ನೆನಪೋಲೆ – ೧".

ಇದನ್ನು ಅರಿಯದವರಿಗಾಗಿ ಹೇಳುವುದಾದರೆ, ಒಂದು ಕಚೇರಿಯ ಪತ್ರಕ್ಕೆ ಇನ್ನೊಂದು ಕಚೇರಿ ಉತ್ತರಿಸದೆ ಕುಳಿತಾಗ ಚುಚ್ಚಿ ಎಬ್ಬಿಸಲು ಕಳಿಸುವ ಪತ್ರವೇ ನೆನಪೋಲೆ. ನಾನು ಸಾವಿರಾರು ಬರೆದಿದ್ದೇನೆ. ಆದರೆ ನನ್ನ ಮನೆಯ ವಿಳಾಸಕ್ಕೆ, ನನ್ನ ಹೆಸರಿಗೆ ಒಂದೂ ಬಂದಿರಲಿಲ್ಲ. "ಉಲ್ಲೇಖಿತ ಪತ್ರದಲ್ಲಿ ಸೂಕ್ತ ಕ್ರಮ ಕೈಗೊಳ್ಳುವುದಾಗಿ ತಿಳಿಸಿದ್ದು, ಈವರೆಗೆ ಕೈಗೊಂಡ ಕ್ರಮದ ವರದಿ ಬಂದಿರುವುದಿಲ್ಲ. ಆದ್ದರಿಂದ ಸಹನಾ ಮತ್ತು ಭೂಮಿಕಾ ಇವರ ಮಾತುಕತೆಯನ್ನು ಬಾಕಿ ಇಡಲಾಗಿದೆ" ಎಂದು ಬರೆದಿದ್ದರು. ಒಕ್ಕಣೆಯಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಸಹನಾಳ ತಾತ ಜಮೀನಿನ ಖಾತೆಗಾಗಿ ಕಚೇರಿಗಳಿಗೆ ಅಲೆದಲೆದು ಈ ವಿದ್ಯೆಯಲ್ಲಿ ಪಾರಂಗತರಾಗಿದ್ದರಂತೆ. ಬಳಗದವರು ಅವರ ಬಳಿ ಹೋಗಿ ಬರೆಸಿಕೊಂಡಿದ್ದರು.

ಮಾರನೆಯ ದಿನ ಕಚೇರಿಯಲ್ಲಿ ನಮ್ಮ ಅಧೀಕ್ಷಕರಾದ ಸಿದ್ದಲಿಂಗಪ್ಪನವರಿಗೆ ಅದನ್ನು ತೋರಿಸಿದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ಅವರು ಕನ್ನಡಕ ಏರಿಸಿ, ಪತ್ರವನ್ನು ಎರಡು ಸಲ ಓದಿದರು.

"ಡ್ರಾಫ್ಟಿಂಗ್ ಬಾಳ ಚೆನ್ನಾಗೈತೆ ಮೇಡಂ. ಯಾವ್ ಸೆಕ್ಷನ್ನಿಂದ?"

"ಒಂಬತ್ತನೇ ಕ್ಲಾಸಿಂದ ಸರ್."

"ಹಂಗಾ! ಇರ್ಲಿ. ಇದಕ್ಯಾಕ್ ತಲೆ ಕೆಡಿಸ್ಕೊಂಡಿದೀರ? 'ನಿಯಮಗಳಲ್ಲಿ ಅವಕಾಶವಿರುವುದಿಲ್ಲ' ಅಂತ ಒಂದು ಹಿಂಬರಹ ಕೊಟ್ಟು ಕಡತ ಮುಗಿಸ್ಬಿಡಿ."

"ಹೆಂಗ್ ಸರ್ ಮುಗ್ಸೋದು? ಇಬ್ರು ಮಕ್ಳು ಮಾತ್ ಬಿಟ್ಟು ಕೂತವ್ರೆ."

ನಳಿನಿ ಮತ್ತು ಶೈಲಳ ಜಗಳವನ್ನೂ ಮಕ್ಕಳ ಪ್ರಶ್ನೆಯನ್ನೂ ಚುಟುಕಾಗಿ ನಿವೇದಿಸಿದೆ. ಸಿದ್ದಲಿಂಗಪ್ಪನವರು ಕನ್ನಡಕ ಇಳಿಸಿದರು. "ಅಲ್ಲ ಮೇಡಂ, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಮೊದ್ಲು ಮಾತಾಡಿದ್ದು ಯಾರು?"

"ನಂಗ್ ಗೊತ್ತಿಲ್ಲ ಸರ್."

"ಶೈಲ ಅಂತ ಕಾಣ್ತದೆ" ಎಂದು ಅವರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ, "ಇಲ್ಲ ಇಲ್ಲ, ನಳಿನಿನೇ" ಎಂದರು. ಅವರು ಕಾದಂಬರಿ ಓದಿರಲಿಲ್ಲ.

ಅಂದಿನಿಂದ ನನ್ನ ಗೊಂದಲಕ್ಕೆ ಎಣೆಯಿಲ್ಲದಂತಾಯಿತು. ರೈಲು ಹತ್ತುವಾಗ ನಳಿನಿ ಸರಿಯೆನ್ನಿಸುತ್ತಿದ್ದಳು, ಇಳಿಯುವಾಗ ಶೈಲ. ಸಾರಿಗೆ ಒಗ್ಗರಣೆ ಹಾಕುವಾಗ ಇಬ್ಬರದೂ ತಪ್ಪೆನ್ನಿಸಿ, ಬಡಿಸುವಾಗ ಯಾರದೂ ಅಲ್ಲವೆನ್ನಿಸುತ್ತಿತ್ತು. ಗುಬ್ಬಿ ನಿಲ್ದಾಣದ ಆ ಹುಡುಗಿಯರನ್ನೇ ಹುಡುಕಿ ಕೇಳೋಣವೆಂದರೆ, ಅವರು ಶಾಲೆ ಮುಗಿಸಿ ಎತ್ತ ಹೋದರೋ ತಿಳಿಯದು. ಪತಿಯನ್ನು ಕೇಳಿದೆ. "ಯಾರೋ ಒಬ್ರು ಮಾತಾಡಿದ್ರು ಅಂತ ಬರ್ದು ಬಿಸಾಕು. ನೀನೇ ಹುಟ್ಟಿಸ್ದೋಳು, ನಿನ್ ಮಾತ್ ಕೇಳಲ್ವಾ ಅವು?" ಎಂದರು. ಅವರಿಗೆ ತಿಳಿಯದ ಸಂಗತಿಯೆಂದರೆ, ಹುಟ್ಟಿಸಿದವರ ಮಾತನ್ನು ಕೇಳುವ ವಯಸ್ಸಿನವರಲ್ಲ ಅವರಿಬ್ಬರು.

"ನೆನಪೋಲೆ – ೨" ಬಂದ ವಾರ, ಬಳಗ ನಡೆಸುವ ಶಿಕ್ಷಕಿ ಮಂಜುಳಾ ಅವರೇ ದೂರವಾಣಿ ಮಾಡಿದರು. ನನ್ನ ಪತ್ರವನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕಲಾಗಿದೆಯೆಂಬ ವಿಷಯ ತಿಳಿದು ನನಗೆ ಬೆವರಿತು.

"ಮೊದ್ಲೆಲ್ಲ ನಾವೂ ತಮಾಷೆ ಅಂದ್ಕೊಂಡ್ವಿ ಮೇಡಂ" ಎಂದರು ಅವರು. "ಅವ್ರಿಬ್ರೂ ಒಂದೇ ಊರಿನೋರು, ಒಂದನೇ ಕ್ಲಾಸಿಂದ ಒಂದೇ ಬೆಂಚು. ಸೈಕಲ್ ಭೂಮಿಕಂದು. ಸಹನಾ ಹಿಂದ್ಗಡೆ ಕೂತ್ಕೊಂಡು ಬರ್ತಿದ್ಲು. ಈಗ ಸಹನಾ ನಡ್ಕೊಂಡ್ ಬರ್ತಾಳೆ. ಇವ್ಳು ಸೈಕಲ್ ಮೇಲೆ ಅವ್ಳ ಹಿಂದ್ಹಿಂದೇನೇ ಮೆಲ್ಲಗೆ ಬರ್ತಾಳೆ. ಮುಂದಕ್ಕೂ ಹೋಗಲ್ಲ, ಮಾತೂ ಆಡ್ಸಲ್ಲ. ಮೂರು ಕಿಲೋಮೀಟ್ರು ಮೇಡಂ! ನೋಡಕ್ಕಾಗಲ್ಲ."

"ನೀವೇ ಒಂದ್ಮಾತು ಹೇಳ್ಬೋದಿತ್ತಲ್ಲ ಮೇಡಂ?" ಎಂದೆ.

"ಹೇಳ್ದೆ. 'ಲೇಖಕಿಯವರ ಹತ್ರ ಪೆಂಡಿಂಗ್ ಇದೆ ಮಿಸ್, ನೀವು ಮಧ್ಯ ಬರ್ಬೇಡಿ' ಅಂದ್ರು."

ಸೂಕ್ತ ಕ್ರಮ ಎಂಬ ಎರಡು ಪದಗಳನ್ನು ನಾನು ಜೀವಮಾನವಿಡೀ ಬರೆದಿದ್ದೇನೆ. ಅದನ್ನು ನಂಬಿ ಒಬ್ಬಳು ದಿನವೂ ಮೂರು ಕಿಲೋಮೀಟರು ನಡೆಯಬಲ್ಲಳೆಂದು, ಇನ್ನೊಬ್ಬಳು ತುಳಿಯಲಾರದಷ್ಟು ನಿಧಾನವಾಗಿ ಸೈಕಲ್ಲು ತುಳಿಯಬಲ್ಲಳೆಂದು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಶನಿವಾರವೇ ಬರುತ್ತೇನೆಂದು ಒಪ್ಪಿದೆ.

ಹೊರಡುವ ಮುನ್ನ ಎರಡು ಕರಡುಗಳನ್ನು ಸಿದ್ಧಪಡಿಸಿದೆ. ಒಂದರಲ್ಲಿ ಶೈಲ ಮೊದಲು ಮಾತಾಡುತ್ತಾಳೆ, ಇನ್ನೊಂದರಲ್ಲಿ ನಳಿನಿ. ಎರಡೂ ಒಂದೇ ಪುಟದವು, ಎರಡೂ ಕೈಚೀಲದಲ್ಲಿ. ಕುಣಿಗಲ್ ತಲುಪುವುದರೊಳಗೆ ಯಾವುದಾದರೊಂದು ತಾನಾಗಿಯೇ ಸರಿಯೆನ್ನಿಸುವುದೆಂಬ ನಂಬಿಕೆ. ಬಸ್ಸಿನಲ್ಲಿ ಮೊದಲನೆಯದನ್ನು ಓದಿದೆ. ನಳಿನಿಯ ಕಡೆಗೆ ಅನ್ಯಾಯವಾಗಿತ್ತು. ಹೆಬ್ಬೂರಿನಲ್ಲಿ ಎರಡನೆಯದನ್ನು ಓದಿದೆ. ಶೈಲಳ ಮುಖ ನೋಡಲಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಕೋರ್ಟ್ ಕೇಸಾ ಅಕ್ಕಾ?" ಎಂದು ಮರುಕದಿಂದ ವಿಚಾರಿಸಿದಳು. ಹೌದೆಂದೆ. ಇಳಿಯುವಾಗ ಅವಳು, "ಎಲ್ಲಾ ಒಳ್ಳೇದಾಯ್ತದೆ ಬುಡಕ್ಕ" ಎಂದು ನನ್ನ ಕೈ ಒತ್ತಿದಳು. ನನಗೆ ಅಳು ಬಂದಂತಾಯಿತು.

ಶಾಲೆಯಲ್ಲಿ ಹಾರ, ಸ್ವಾಗತ ಭಾಷಣ ಇರಬಹುದೆಂದು ಒಳಗೊಳಗೇ ನಿರೀಕ್ಷಿಸಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಕರಿಹಲಗೆಯ ಮೇಲೆ "ಇಂದಿನ ವಿಚಾರಣೆ: ನಳಿನಿ ಮತ್ತು ಶೈಲ" ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿತ್ತು. ನನ್ನನ್ನು ಮೇಜಿನ ಹಿಂದೆ ಕೂರಿಸಿದರು. ಹನ್ನೆರಡು ಮಕ್ಕಳು ಎರಡು ಪಾಲಾಗಿ ಕುಳಿತಿದ್ದರು. ನಡುವಿನ ಬೆಂಚು ಖಾಲಿ. ಅದರ ಬಲಗಡೆ ಎರಡು ಜಡೆಯ, ಉಗುರು ಕಚ್ಚುತ್ತಿದ್ದ ಸಹನಾ. ಎಡಗಡೆ ಕುಳ್ಳಗೆ, ಹುಬ್ಬು ಗಂಟಿಕ್ಕಿದ್ದ ಭೂಮಿಕಾ. ಮಂಜುಳಾ ಅವರು ನನ್ನನ್ನು ಪರಿಚಯಿಸಿ, ಕಾಫಿ ತರುತ್ತೇನೆಂದು ಹೊರಗೆ ಹೋದರು.

"ಮೇಡಂ, ಫಸ್ಟ್ ತಪ್ಪು ಮಾಡಿದ್ದು ಶೈಲ" ಎಂದು ಸಹನಾ ಎದ್ದು ನಿಂತಳು. "ನಂಬಿ ಹೇಳಿದ್ದನ್ನ ಎಲ್ರ ಮುಂದೆ ಹೇಳ್ಬಿಟ್ಳು. ಫಸ್ಟ್ ಮಾಡಿದೋರೇ ಫಸ್ಟ್ ಸಾರಿ ಕೇಳ್ಬೇಕು."

"ಮಾತು ಮರ್ತೋಗುತ್ತೆ ಮೇಡಂ" ಎಂದು ಭೂಮಿಕಾ ಕುಳಿತಲ್ಲಿಂದಲೇ ಹೇಳಿದಳು. "ಹರ್ದಾಕಿದ್ ಡ್ರಾಯಿಂಗ್ ಬುಕ್ಕು ವಾಪಸ್ ಬರುತ್ತಾ?"

"ಮಾತು ಮರ್ತೋಗಲ್ಲ ಅಂತ ಹೇಳಿ ಮೇಡಂ ಅವ್ಳಿಗೆ."

ನಾನು ಭೂಮಿಕಾಳ ಕಡೆ ತಿರುಗಿ, "ಮಾತು ಮರೆತುಹೋಗುವುದಿಲ್ಲವಂತೆ" ಎಂದೆ.

"ಒಂದ್ ವರ್ಷ ಕೂತು ಚಿತ್ರ ಬರ್ದಿದ್ರೆ ಗೊತ್ತಾಗಿರೋದು ಅಂತ ಹೇಳಿ ಮೇಡಂ."

ನಾನು ಸಹನಾಳ ಕಡೆ ತಿರುಗಿದೆ. ಹೀಗೆ ಹತ್ತು ನಿಮಿಷ ನಾನು ಎರಡು ಕಚೇರಿಗಳ ನಡುವಿನ ಟಪಾಲಾಗಿ ಕೆಲಸ ಮಾಡಿದೆ. ನಡುನಡುವೆ, ಅವಳು ಹೇಳಿದ್ದು ಅರ್ಥವಾಗುವ ಮೊದಲೇ ಇವಳ ಉತ್ತರ ಬಂದು, ಯಾರ ಮಾತನ್ನು ಯಾರಿಗೆ ತಲುಪಿಸಬೇಕೆಂದು ತಿಳಿಯದೆ ಒಮ್ಮೆ ಸಹನಾಳ ಮಾತನ್ನು ಸಹನಾಳಿಗೇ ಹೇಳಿದೆ. "ಅದು ನಾನೇ ಹೇಳಿದ್ದು ಮೇಡಂ" ಎಂದು ಅವಳು ಬೇಸರದಿಂದ ನುಡಿದಳು.

ಕಡೆಗೆ ಇಬ್ಬರೂ ಸುಮ್ಮನಾಗಿ ನನ್ನನ್ನು ನೋಡಿದರು. ಎಲ್ಲರೂ ನೋಡಿದರು.

"ಈಗ ನೀವು ಹೇಳಿ ಮೇಡಂ" ಎಂದಳು ಸಹನಾ. "ಯಾರು ಮಾತಾಡಿದ್ದು ಮೊದ್ಲು?"

"ನಂಗ್ ಗೊತ್ತಿಲ್ಲ ಕಣಮ್ಮ" ಎಂದೆ.

ಹದಿನಾಲ್ಕು ಮುಖಗಳೂ ಒಟ್ಟಿಗೆ ಬಿಗಿದುಕೊಂಡವು. ಅನುಕಂಪದ ಸುಳಿವೂ ಇಲ್ಲದ ಅಂಥ ಮುಖಗಳನ್ನು ನಾನು ಲೆಕ್ಕಪರಿಶೋಧನೆಯ ವೇಳೆಯಲ್ಲೂ ಕಂಡಿಲ್ಲ.

"ಗೊತ್ತಿಲ್ಲ ಅಂದ್ರೆ? ಬರ್ದಿದ್ದು ನೀವೇ ತಾನೆ?"

"ನಾನೇ. ಆದ್ರೆ ಅವ್ರು ರೈಲು ಹತ್ತೋವರ್ಗೂ ಅಷ್ಟೇ ನಂಗ್ ಗೊತ್ತಿರೋದು."

"ಮತ್ತೆ ಸೂಕ್ತ ಕ್ರಮ ಅಂದಿದ್ರಲ್ಲ?"

ಎರಡೂ ಕರಡುಗಳನ್ನು ಓದಿ, ಯಾವುದು ಒಪ್ಪಿಗೆಯೋ ಅದನ್ನು ತೆಗೆದುಕೊಳ್ಳಿರೆಂದು ಹೇಳಿ ಪಾರಾಗುವ ಉಪಾಯ ಹೊಳೆದು, ಮೇಜಿನ ಕೆಳಗಿಟ್ಟಿದ್ದ ಕೈಚೀಲಕ್ಕೆ ಬಗ್ಗಿದೆ. ಛತ್ರಿ, ನೀರಿನ ಬಾಟಲಿ, ಬಾಳೆಹಣ್ಣಿನ ಪೊಟ್ಟಣ ಸಿಕ್ಕವು, ಕರಡುಗಳು ಸಿಗಲಿಲ್ಲ. ನನ್ನ ತಲೆಯ ಮೇಲೆ ಗದ್ದಲವೆದ್ದಿತು.

"ಗೊತ್ತಿಲ್ದಿದ್ರೂ ಪುಸ್ತಕ ಬರೀಬೋದಂತೆ ಕಣ್ರೋ!"

"ನಾವು ಪರೀಕ್ಷೇಲಿ ಗೊತ್ತಿಲ್ಲ ಅಂತ ಬರುದ್ರೆ ಸೊನ್ನೆ ಹಾಕ್ತಾರೆ."

"ನಾಕ್ ತಿಂಗ್ಳು ಕಾಯ್ಸಿದ್ರು ಕಣೇ."

"ಹೂಂ ಕಣೇ! ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ ಆಗಿರೋದು."

"ನಾನ್ ದಿನಾ ನಡ್ಕೊಂಡ್ ಬಂದೆ."

"ನಂದೇನ್ ಸುಖವಾಗಿತ್ತಾ? ಅಷ್ಟು ಸ್ಲೋ ಆಗಿ ತುಳ್ದು ಮಂಡಿ ನೋಯ್ತವೆ ಕಣೇ."

ಕರಡುಗಳು ಕೈಗೆ ಸಿಕ್ಕವು. ತಲೆ ಎತ್ತಿದೆ. ಖಾಲಿಯಿದ್ದ ನಡುವಿನ ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರು. ಇಬ್ಬರೂ ಒಂದೇ ರೀತಿಯಲ್ಲಿ ಕೈಕಟ್ಟಿ, ಒಂದೇ ರೀತಿಯಲ್ಲಿ ಸಿಟ್ಟಾಗಿ, ನನ್ನನ್ನೇ ದಿಟ್ಟಿಸುತ್ತಿದ್ದರು.

ಯಾರು ಯಾರ ಬಳಿಗೆ ಬಂದರು? "ಕಾಯ್ಸಿದ್ರು ಕಣೇ" ಎಂದದ್ದು ಯಾರ ದನಿ? ನನ್ನ ಕಾದಂಬರಿಯ ಮುಂದಿನ ಅಧ್ಯಾಯ ನನ್ನಿಂದ ಆರಡಿ ದೂರದಲ್ಲಿ ನಡೆದುಹೋಗಿತ್ತು. ಆ ಸಮಯದಲ್ಲಿ ನಾನು ಬಾಳೆಹಣ್ಣಿನ ಪೊಟ್ಟಣವನ್ನು ಪರಿಶೀಲಿಸುತ್ತಿದ್ದೆ. ಕಾಫಿಯ ಲೋಟಗಳೊಂದಿಗೆ ಒಳಬಂದ ಮಂಜುಳಾ ಅವರನ್ನು ಕಣ್ಣಿನಲ್ಲೇ ಕೇಳಿದೆ. ಅವರು ಬೆಂಚು ನೋಡಿ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದರು. ಉಳಿದ ಮಕ್ಕಳು ನನ್ನನ್ನು ಕಂಡು ನಗುವುದರಲ್ಲಿ ಮಗ್ನರಾಗಿದ್ದರಿಂದ ಅವರ ಸಾಕ್ಷ್ಯವೂ ಲಭ್ಯವಾಗಲಿಲ್ಲ.

ಕರಡುಗಳನ್ನು ಓದಲು ಯಾರೂ ಕೇಳಲಿಲ್ಲ. ಸಹನಾ ಮತ್ತು ಭೂಮಿಕಾ ಎರಡು ಹಾಳೆ ಪಡೆದು, ತಲೆಗೆ ತಲೆ ತಾಗಿಸಿ, "ನೀ ಬರಿ", "ನಿನ್ ಅಕ್ಷರ ಚೆನ್ನಾಗೈತೆ, ನೀನೇ ಬರಿಯೇ" ಎಂದು ತಳ್ಳಾಡಿ, ನನ್ನ ವಿರುದ್ಧ ಒಂದು ಮನವಿಯನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿದರು. "ವಿಷಯ: ಲೇಖಕಿಯವರು ತಮಗೇ ಗೊತ್ತಿಲ್ಲದ ಕಥೆಯನ್ನು ಬರೆದಿರುವ ಬಗ್ಗೆ. ಮೂವತ್ತು ದಿನಗಳೊಳಗಾಗಿ ಗೊತ್ತುಮಾಡಿಕೊಂಡು ತಿಳಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿದಾರರೇ ಬರೆದುಕೊಳ್ಳುವರು." ಕೆಳಗೆ ಒಂದೇ ಗೆರೆಯ ಮೇಲೆ ಎರಡು ಸಹಿಗಳು. ನಾನು "ಸ್ವೀಕರಿಸಿದೆ" ಎಂದು ಬರೆದು ಸಹಿ ಹಾಕಿ, ಅವರ ಪ್ರತಿಯನ್ನು ಅವರಿಗೆ ಕೊಟ್ಟೆ. ಸೂಕ್ತ ಕ್ರಮದ ಮಾತನ್ನು ಎತ್ತಲಿಲ್ಲ. ನಾನು ಪಡೆದ ಯಾವ ಪ್ರಶಂಸೆಯೂ ಆ ದೂರಿನಷ್ಟು ಸಂತೋಷ ಕೊಟ್ಟಿಲ್ಲವೆಂದು ಹೇಳಬಹುದು. ಆದರೆ ನಾನು ಬೇರೆ ಪ್ರಶಂಸೆ ಪಡೆದಿಲ್ಲವಾದ್ದರಿಂದ ಹೋಲಿಕೆ ಕಷ್ಟ.

ಬಸ್ಸು ಹತ್ತಿಸಲು ಇಬ್ಬರೂ ನಿಲ್ದಾಣದವರೆಗೆ ಬಂದರು. ದಾರಿಯುದ್ದಕ್ಕೂ ಅವರು ಮಾತಾಡಿದ್ದರಲ್ಲಿ ನನಗಾಗಲಿ, ನಳಿನಿಗಾಗಲಿ, ಶೈಲಳಿಗಾಗಲಿ ಯಾವ ಪಾಲೂ ಇರಲಿಲ್ಲ. ಗಣಿತದ ಮೇಷ್ಟರು, ಯಾರದೋ ಅಕ್ಕನ ಮದುವೆ, ನಾಲ್ಕು ತಿಂಗಳಲ್ಲಿ ಹೇಳದೆ ಉಳಿದದ್ದೆಲ್ಲ ಒಂದರ ಮೇಲೊಂದು ಬಿದ್ದು ಹೊರಬರುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ, ಹೆಚ್ಚುವರಿ ಪ್ರತಿಯಂತೆ ನಡೆದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸ್ಥಳ ಸಿಕ್ಕಿತು. ಚಾಲಕರು ಯಂತ್ರ ಚಾಲೂ ಮಾಡಿದರು. ಇನ್ನು ತಡೆಯಲಾಗದೆ ಸರಳುಗಳ ನಡುವೆ ಮುಖವಿಟ್ಟು ಕೂಗಿ ಕೇಳಿದೆ.

"ನಿಜ ಹೇಳ್ರೇ, ನಾನ್ ಯಾರಿಗೂ ಹೇಳಲ್ಲ. ಇವತ್ತು ಮೊದ್ಲು ಮಾತಾಡ್ಸಿದ್ದು ಯಾರು?"

"ಇವ್ಳೇ!" ಎಂದರು ಇಬ್ಬರೂ, ಒಬ್ಬರತ್ತ ಒಬ್ಬರು ಬೆರಳು ತೋರಿಸಿ. ಯಾವ ಬೆರಳು ಮೊದಲು ಎದ್ದಿತೆಂಬುದನ್ನು ಗಮನಿಸುವಷ್ಟರಲ್ಲಿ ಬಸ್ಸು ಹೊರಟಿತು.